ಬೆಸುಗೆಯ ಪಕ್ಕದ ಜಾಗ

ಹೊಸೂರಿನಾಚೆಯ ಸಾನಮಾವಿನ ಕಾಡಿಗೆ ವರ್ಷ ವರ್ಷವೂ ಆನೆಗಳು ಬರುತ್ತವೆ. ರಾಗಿ ತೆನೆ ಬಲಿಯುವ ಹೊತ್ತಿಗೆ ಸರಿಯಾಗಿ, ಯಾರೂ ಕರೆಯದಿದ್ದರೂ, ಕರ್ನಾಟಕದ ಕಡೆಯ ಕಾಡಿನಿಂದ ಹೊರಟು, ರೋಡು ದಾಟಿ, ಹಳ್ಳ ದಾಟಿ, ಮರಿಗಳನ್ನು ನಡುವೆ ಹಾಕಿಕೊಂಡು ಬಂದೇ ಬರುತ್ತವೆ. ಅಷ್ಟು ದೂರದಿಂದ ಆನೆ ಬರುತ್ತದೆ, ಇಲ್ಲೇ ಹೊಸೂರಿನ ಅವಲಪಲ್ಲಿಯಲ್ಲಿರುವ ತಮ್ಮ ಬರುವುದಿಲ್ಲ. ಕಾಡಂಚಿನ ಊರಿನ ರಾಮಕ್ಕ ಈ ಮಾತನ್ನು ಯಾರ ಮುಂದೆಯೂ ಆಡಿದವಳಲ್ಲ. ಅವಳ ಪರವಾಗಿ ಊರ ಹೆಂಗಸರು ಆಡುತ್ತಿದ್ದರು. ಆ ಮಾತು ಸಂತೆಗೆ ಹೋಗಿ, ಬಸ್ಸು ಹತ್ತಿ, ಹೊಸೂರಿಗೆ ಇಳಿದು, ಕೊನೆಗೊಂದು ದಿನ ಆ ತಮ್ಮನ ಕಿವಿಗೂ ಬಿತ್ತು.

ಆ ತಮ್ಮನೇ ಕೆಂಪರಾಜು. ವಯಸ್ಸು ನಲವತ್ತಾರು. ಹೊಸೂರಿನ ಒಂದು ಕಾರ್ಖಾನೆಯಲ್ಲಿ ಅಲ್ಯೂಮಿನಿಯಂ ವೆಲ್ಡರ್. ಐದು ವರ್ಷದಿಂದ ಅವನು ಅಕ್ಕನ ಮನೆಯ ಹೊಸ್ತಿಲು ತುಳಿದಿರಲಿಲ್ಲ. ಬರಬೇಡವೆಂದು ಯಾರೂ ಹೇಳಿರಲಿಲ್ಲ. ಜಗಳವಾಗಿರಲಿಲ್ಲ, ಪಾಲಿನ ತಕರಾರೂ ಇರಲಿಲ್ಲ. ಹೋಗಬೇಕೆಂಬ ಆಸೆಯಂತೂ ದಿನಾ ಬೆಳಗ್ಗೆ ಅವನಿಗಿಂತ ಮೊದಲೇ ಎದ್ದು, ಅವನ ಜೊತೆಗೇ ಮುಖ ತೊಳೆದು, ಬೈಕಿನ ಹಿಂದಿನ ಸೀಟಿನಲ್ಲಿ ಕೂತು ಕಾರ್ಖಾನೆಯ ಗೇಟಿನವರೆಗೂ ಬರುತ್ತಿತ್ತು. ಆದರೂ ಹೋಗಲಾರ. ಯಾಕೆಂದು ಹೇಳಬೇಕಾದರೆ ಒಂದು ಏಣಿಯ ಕಥೆ ಹೇಳಬೇಕು. ಏಣಿಗಿಂತ ಮೊದಲು ಅಕ್ಕನ ಕಥೆ.

ಕೆಂಪರಾಜುವಿಗೆ ನಾಲ್ಕು ವರ್ಷವಿದ್ದಾಗ ತಾಯಿ ತೀರಿಕೊಂಡಳು. ರಾಮಕ್ಕನಿಗೆ ಆಗ ಹನ್ನೆರಡು. ಅವಳೇ ಅವನನ್ನು ಸೊಂಟದ ಮೇಲೆ ಹೊತ್ತು ನೀರಿಗೆ ಹೋದಳು, ಕಳೆ ಕೀಳಲು ಹೋದಳು. ಅವಳ ಬಲಸೊಂಟ ಎಡಕ್ಕಿಂತ ಒಂದು ಎಳೆ ಎತ್ತರವಾಗಿಯೇ ಉಳಿಯಿತು ಎಂದು ಊರವರು ನಗುತ್ತಿದ್ದರು. ಏಳು ವರ್ಷ ಕಳೆದು ಅವಳಿಗೆ ಮದುವೆಯಾಗಿ ನಾರಾಯಣಪ್ಪನ ಮನೆಗೆ ಹೊರಟಾಗ, ಹುಡುಗ ಟೆಂಪೋ ಹಿಂದೆ ಓಡಿ ಓಡಿ ಬಿದ್ದ. ನಾರಾಯಣಪ್ಪ ಟೆಂಪೋ ನಿಲ್ಲಿಸಿ, ಮೊಣಕಾಲು ಕೆತ್ತಿಕೊಂಡಿದ್ದ ಬಾಮೈದನನ್ನು ಎತ್ತಿ ಪಾತ್ರೆಪಡಗದ ನಡುವೆ ಕೂರಿಸಿಕೊಂಡ.

"ಹೆಣ್ಣು ಮಾತ್ರ ಕೊಡ್ತೀವಿ ಅಂದಿದ್ರು. ನೋಡು, ಈ ಸಾಮಾನೂ ಸೇರ್ಸಿ ಕೊಟ್ಟವ್ರೆ" ಎಂದ.

ನಾರಾಯಣಪ್ಪನ ಬಾಯಿ ಹಾಗೆ. ಊಟಕ್ಕೆ ಉಪ್ಪು ಹೇಗೋ ಅವನ ಮಾತಿಗೆ ಚೇಷ್ಟೆ ಹಾಗೆ. ಆ ಸಾಮಾನು ಅಕ್ಕನ ಮನೆಯಲ್ಲಿ ನಾಲ್ಕು ವರ್ಷ ಇದ್ದು, ಮುದ್ದೆ ತಿಂದು ಬೆಳೆದು, ಡೆಂಕಣಿಕೋಟೆಯ ಒಂದು ಗೇಟು-ಗ್ರಿಲ್ಲಿನ ಅಂಗಡಿಗೆ ಕೆಲಸ ಕಲಿಯಲು ಸೇರಿತು.

ಅಲ್ಲಿ ಕಲಿತದ್ದು ಕಬ್ಬಿಣ. ಕಬ್ಬಿಣ ಬಾಯಿಬಿಟ್ಟು ಮಾತಾಡುವ ಲೋಹ. ಕಾಯುತ್ತಾ ಕಾಯುತ್ತಾ ಕೆಂಪಗಾಗಿ, ಕಿತ್ತಳೆಯಾಗಿ, ಇನ್ನು ಸಾಕು ಕಣಪ್ಪ, ಕರಗಿಬಿಡ್ತೀನಿ ಎಂದು ಮೊದಲೇ ಹೇಳುತ್ತದೆ. ಹೊಸೂರಿಗೆ ಬಂದು ಅಲ್ಯೂಮಿನಿಯಂ ಹಿಡಿದಾಗ ಕೆಂಪರಾಜುವಿಗೆ ಮೊದಲ ತಿಂಗಳು ಅಳುವೇ ಬಂತು. ಅದು ಬಣ್ಣ ಬದಲಿಸುವುದಿಲ್ಲ, ಬಿಸಿ ಎಷ್ಟೆಂದು ಮುಖದಲ್ಲಿ ತೋರಿಸುವುದಿಲ್ಲ. ಬೆಳ್ಳಗೆ ಸುಮ್ಮನಿರುತ್ತದೆ, ಸುಮ್ಮನಿರುತ್ತದೆ, ಇದ್ದಕ್ಕಿದ್ದಂತೆ ಕುಸಿದು ತೂತಾಗುತ್ತದೆ. ಮೇಲಿನ ಹೊಳಪನ್ನು ಗಮನಿಸಬೇಕು, ಕೈಯ ವೇಗ ಕಾಯಬೇಕು, ಕಬ್ಬಿಣಕ್ಕೆ ಮುಟ್ಟಿಸಿದ ಬ್ರಷ್ಷನ್ನು ಇದಕ್ಕೆ ಮುಟ್ಟಿಸಬಾರದು. ಕೆಂಪರಾಜು ಕಲಿತ. ಎಷ್ಟು ಕಲಿತನೆಂದರೆ ಅವನ ಬೆಸುಗೆಯ ಸಾಲು ನೋಡಿದರೆ ಮೀನಿನ ಹುರುಪೆ ಒಂದರ ಮೇಲೊಂದು ಕೂತ ಹಾಗೆ ಸಮನಾಗಿರುತ್ತಿತ್ತು. ಕಾರ್ಖಾನೆಗೆ ದೊಡ್ಡವರು ಬಂದಾಗ ಅವನ ಪಾರ್ಟನ್ನೇ ಮೇಜಿನ ಮೇಲಿಡುತ್ತಿದ್ದರು.

ಈಗ ಏಣಿಗೆ ಬರೋಣ. ರಾಮಕ್ಕನ ಹೊಲ ಕಾಡಿಗೆ ಅಂಟಿಕೊಂಡೇ ಇದೆ. ರಾಗಿ ಕಾಯಲು ಹುಣಸೆಮರದ ಮೇಲೆ ಅಟ್ಟಣೆ ಕಟ್ಟಿದ್ದಾರೆ. ಹತ್ತಿದವರು ಏಣಿಯನ್ನು ಮೇಲಕ್ಕೆಳೆದುಕೊಳ್ಳಬೇಕು. ಕೆಳಗೇ ಬಿಟ್ಟರೆ ಆನೆ ಬಂದು ಮೂಸಿ, ಸೊಂಡಿಲಲ್ಲಿ ಎಳೆದು ಮುರಿದು ಹೋಗುತ್ತದೆ. ಮೇಲಿದ್ದವರು ಬೆಳಗಿನ ತನಕ ಕೋತಿಯ ಹಾಗೆ ಮರದಲ್ಲೇ. ಬಿದಿರಿನ ಏಣಿ ಭಾರ. ನಾರಾಯಣಪ್ಪನಿಗೆ ಐವತ್ತು ದಾಟಿದ ಮೇಲೆ ಹೆಗಲು ನೋವು. ಅದನ್ನು ನೋಡಿದ ಕೆಂಪರಾಜು, ಏಳು ವರ್ಷದ ಹಿಂದೆ, ಕಾರ್ಖಾನೆಯಲ್ಲಿ ಗುಜರಿಗೆ ಹಾಕಿದ್ದ ಅಲ್ಯೂಮಿನಿಯಂ ಪೈಪಿನ ತುಂಡುಗಳನ್ನು ಮೇಲಿನವರನ್ನು ಕೇಳಿ ಕೊಂಡುಕೊಂಡ. ಒಳ್ಳೆಯ ಜಾತಿಯ ಪೈಪು, ಬೆರಳಲ್ಲಿ ಹೊಡೆದರೆ ಗಂಟೆಯ ಹಾಗೆ ಕೇಳುತ್ತಿತ್ತು. ಆದರೆ ಆರಾರು ಅಡಿಯ ತುಂಡು. ಅಟ್ಟಣೆಗೆ ಹನ್ನೆರಡು ಅಡಿ ಬೇಕು. ಎರಡೆರಡು ತುಂಡನ್ನು ಮಧ್ಯದಲ್ಲಿ ಸೇರಿಸಿ, ಮೆಟ್ಟಿಲು ಕೂರಿಸಿ ಏಣಿ ಮಾಡಿದ. ಮಾಡಿದವನು ಅಲ್ಲಿಗೇ ಬಿಡಲಿಲ್ಲ. ಸೇರಿಸಿದ ಜಾಗದ ಉಬ್ಬು ಅಕ್ಕನ ಅಂಗೈಗೆ ಚುಚ್ಚಬಾರದೆಂದು, ಆ ಮೀನಿನ ಹುರುಪೆಯಂಥ ಸಾಲನ್ನೇ ಗ್ರೈಂಡರಿನಲ್ಲಿ ಉಜ್ಜಿ ಉಜ್ಜಿ ನುಣ್ಣಗೆ ಮಾಡಿದ. ಎಲ್ಲಿ ಸೇರಿದೆಯೆಂದು ಕೈಗೂ ತಿಳಿಯುತ್ತಿರಲಿಲ್ಲ, ಕಣ್ಣಿಗೂ ತಿಳಿಯುತ್ತಿರಲಿಲ್ಲ.

ಬಸ್ಸಿನ ಮೇಲೆ ಕಟ್ಟಿ ತಂದ ಏಣಿಯನ್ನು ರಾಮಕ್ಕ ಒಂದೇ ಕೈಯಲ್ಲಿ ಎತ್ತಿ, "ಏನ್ಲಾ ಇದು, ಹೂವಿನ ಕಡ್ಡಿ ಹಂಗೈತೆ" ಎಂದಿದ್ದಳು.

"ಅಕ್ಕ, ಇಲ್ನೋಡು, ಈ ಎರಡು ಕಡೆ ಸೇರ್ಸಿದ್ದೀನಿ. ಕಾಣಾಕಿಲ್ಲ. ಈ ಜಾಗದ ಮ್ಯಾಲೆ ಒಂದು ಕಣ್ಣಿಟ್ಟಿರು."

"ಇಟ್ಟಿರ್ತೀನಿ ಕಣ್ಲಾ" ಎಂದಳು ಅಕ್ಕ.

ಅವಳು ಇಟ್ಟಳು. ಹೇಗಿಟ್ಟಳೆಂದು ಕೆಂಪರಾಜುವಿಗೆ ಆಗ ದೊಡ್ಡದಾಗಿ ಕಾಣಲಿಲ್ಲ.

ಎರಡು ವರ್ಷ ಏಣಿ ಚೆನ್ನಾಗಿಯೇ ಇತ್ತು. ಮೂರನೆಯ ವರ್ಷ ರಾಗಿ ಬಲಿತ ಒಂದು ಸಂಜೆ, ನಾರಾಯಣಪ್ಪ ಮಧ್ಯದ ಮೆಟ್ಟಿಲಿಗೆ ಕಾಲಿಡುತ್ತಿದ್ದ ಹಾಗೇ ಬಲಗಡೆಯ ಪೈಪು ಲಟಕ್ಕೆಂದಿತು. ಏಣಿ ಎರಡಾಯಿತು. ನಾರಾಯಣಪ್ಪ ಬದುವಿನ ಕಲ್ಲಿನ ಮೇಲೆ ಬಿದ್ದ. ತೊಡೆಯ ಮೂಳೆ ಮುರಿಯಿತು.

ಹೊಸೂರಿನ ಆಸ್ಪತ್ರೆಯಲ್ಲಿ ಮೂಳೆಗೆ ರಾಡು ಹಾಕುವ ದಿನ ಮಂಚದ ಸುತ್ತ ನೆಂಟರೆಲ್ಲ ನಿಂತಿದ್ದರು. ಕೆಂಪರಾಜುವೂ ಇದ್ದ. ಡಾಕ್ಟರು ಬಂದು, ಭಯ ಪಡಬೇಡಿ, ಗಟ್ಟಿಯಾಗಿ ಸೇರಿಸುತ್ತೇವೆ ಎಂದರು. ಅಷ್ಟು ನೋವಿನಲ್ಲೂ ನಾರಾಯಣಪ್ಪನ ಬಾಯಿ ಸುಮ್ಮನಿರಬೇಕಲ್ಲ.

"ಸೇರ್ಸಿ ಸಾರ್. ಆದ್ರೆ ನಮ್ಮ ಬಾಮೈದನ ಕೈಲಿ ಮಾತ್ರ ವೆಲ್ಡಿಂಗ್ ಮಾಡುಸ್ಬ್ಯಾಡಿ."

ಎಲ್ಲರೂ ನಕ್ಕರು. ಡಾಕ್ಟರೂ ನಕ್ಕರು, ಅಳುತ್ತಿದ್ದ ರಾಮಕ್ಕನೂ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಕೆಂಪರಾಜು ನಗಲಿಲ್ಲ. ಅವನು ನೋಡುತ್ತಿದ್ದದ್ದು ಅಕ್ಕನನ್ನು. ಅವಳೂ ನಕ್ಕಳಲ್ಲ ಎಂಬುದು ಅವನೊಳಗೆ ಎಲ್ಲೋ ಹೋಗಿ ಕೂತಿತು. ಟೀ ತರುತ್ತೇನೆಂದು ಹೊರಗೆ ಬಂದವನು ಟೀ ಕಳಿಸಿದ, ತಾನು ಬರಲಿಲ್ಲ.

ಆಮೇಲೆ ಅಕ್ಕ ಫೋನು ಮಾಡುವಳು, ಇವನು ಕೆಲಸ ಬಹಳ ಐತಕ್ಕ ಎನ್ನುವನು. ಯುಗಾದಿಗೆ ಕರೆದಳು, ಬರಲಿಲ್ಲ. ಮೂರು ವರ್ಷದ ಹಿಂದೆ ಅವಳ ಮಗಳು ವನಿತಾಳ ಮದುವೆಯಾಯಿತು. ನಮ್ಮ ಕಡೆ ಮದುವೆ ಹೆಣ್ಣನ್ನು ಕೈಹಿಡಿದು ಮಂಟಪಕ್ಕೆ ಕರೆತರುವವನು ಸೋದರಮಾವ. ತಂದೆಯಿದ್ದರೂ, ಅಣ್ಣನಿದ್ದರೂ, ಆ ಕೈ ಸೋದರಮಾವನದೇ. ಕೆಂಪರಾಜು ಹೆಂಡತಿ ಸುಗುಣಾಳ ಕೈಯಲ್ಲಿ ಸೀರೆ, ಕಾಲುಂಗುರ ಕಳಿಸಿ ತಾನು ಮನೆಯಲ್ಲೇ ಕೂತ. ಕುಂಟುತ್ತಾ ಓಡಾಡುವ ಬಾವನ ಮುಂದೆ ಅದೇ ಕೈ ಚಾಚಿ ಹೇಗೆ ನಿಲ್ಲಲಿ ಎಂದು ಅವನಿಗೆ. ಅದಾದ ಮೇಲೆ ಅಕ್ಕನ ಫೋನು ನಿಂತಿತು.

ಫೋನು ನಿಂತ ಮೇಲೆ ಆಸೆ ಎರಡರಷ್ಟಾಯಿತು. ಭಾನುವಾರ ಬೈಕ್ ತೆಗೆದು ಸಾನಮಾವಿನ ದಾರಿ ಹಿಡಿದು, ಕಾಡು ಶುರುವಾಗುವ ತಿರುವಿನವರೆಗೂ ಹೋಗಿ, ಅಲ್ಲಿನ ಅಂಗಡಿಯಲ್ಲಿ ಒಂದು ಟೀ ಕುಡಿದು ವಾಪಸು ಬರುತ್ತಿದ್ದ. ಅಂಗಡಿಯ ರಾಮಯ್ಯ, "ಟೀ ಕುಡಿಯೋಕೆ ಇಷ್ಟು ದೂರ ಬತ್ತೀಯಲ್ಲಪ್ಪ, ನನ್ನ ಟೀಯಲ್ಲಿ ಅಂಥದ್ದೇನೈತೆ?" ಎಂದು ಕೇಳಿದರೆ, "ಶುಂಠಿ ಚೆನ್ನಾಗಿ ಹಾಕ್ತೀಯ" ಎನ್ನುತ್ತಿದ್ದ. ಆ ತಿರುವಿನಿಂದ ನೋಡಿದರೆ ಅಕ್ಕನ ಊರಿನ ನೀರಿನ ಟ್ಯಾಂಕು ಕಾಣುತ್ತದೆ.

ಹೀಗಿರುವಾಗ ಈ ವರ್ಷ ಕಾರ್ಖಾನೆಗೆ ಹೊಸ ಆರ್ಡರು ಬಂತು. ಬೆಸುಗೆ ಎಷ್ಟು ತಡೆಯುತ್ತದೆಂದು ಎಳೆದು ತೋರಿಸಬೇಕೆಂಬುದು ಆರ್ಡರು ಕೊಟ್ಟವರ ಷರತ್ತು. ಟೆಸ್ಟಿಂಗ್ ಲ್ಯಾಬು ನೋಡಿಕೊಳ್ಳುವವಳು ಕೋಮಲಾ, ಮದ್ದೂರಿನ ಕಡೆಯ ಹೆಣ್ಣುಮಗಳು, ಮದುವೆಯಾಗಿ ಹೊಸೂರಿಗೆ ಬಂದವಳು. ಅವಳು ಕೆಂಪರಾಜು ಬೆಸೆದ ಪಟ್ಟಿಯನ್ನು ಮೆಷಿನ್ನಿಗೆ ಸಿಕ್ಕಿಸಿ ಎಳೆದಳು. ಪಟ್ಟಿ ಹಿಗ್ಗಿತು, ಸಣ್ಣಗಾಯಿತು, ಟಪ್ಪೆಂದು ಕಿತ್ತಿತು. ಬೆಸುಗೆ ಹಾಗೇ ಇತ್ತು. ಅದರ ಪಕ್ಕ, ಒಂದು ಬೆರಳಿನಷ್ಟು ಆಚೆ ಕಿತ್ತಿತ್ತು.

"ಬೆಸುಗೆ ಸೂಪರ್ ಕೆಂಪರಾಜಣ್ಣ. ಪಕ್ಕದಲ್ಲಿ ಹೋಗಿದೆ, ಪಾಸು" ಎಂದು ಅವಳು ಬರೆದುಕೊಂಡಳು.

ಅವನು ಆ ತುಂಡನ್ನು ಹಿಡಿದು ನೋಡುತ್ತಲೇ ನಿಂತ. ಹೊಲದಿಂದ ಎತ್ತಿ ತಂದ ದಿನ ಕಂಡಿದ್ದ, ಏಣಿಯೂ ಹೀಗೇ ಮುರಿದಿತ್ತು. ಸೇರಿಸಿದ ಕಡೆಯಲ್ಲ, ಪಕ್ಕದಲ್ಲಿ. ಇಪ್ಪತ್ತು ವರ್ಷ ಅಲ್ಯೂಮಿನಿಯಂ ಬೆಸೆದವನು ಇಷ್ಟೂ ಅರಿಯನೇ ಎಂದು ನೀವು ಕೇಳಬಹುದು. ಅರಿತಿದ್ದ, ಅರ್ಧ. ಕಾರ್ಖಾನೆಯಲ್ಲಿ ಎಲ್ಲಿ ದಪ್ಪ ಬೇಕು, ಬೆಸೆದ ಮೇಲೆ ಯಾವ ಒಲೆಯಲ್ಲಿಟ್ಟು ಹದ ಮಾಡಬೇಕು ಎಂಬುದೆಲ್ಲ ಬೇರೆಯವರ ಕೆಲಸ. ಅವನದು ಸೇರಿಸುವುದು ಮಾತ್ರ.

"ಮೇಡಂ, ಇದೇ ಥರ ಮುರಿದಿರೋ ಒಂದು ಪೈಪು ನಮ್ಮನೇಲೈತೆ. ನೋಡ್ತೀರಾ?"

"ಯಾವುದರದ್ದು?"

"ಒಂದು ಏಣೀದು" ಎಂದ.

ಆಸ್ಪತ್ರೆಯ ದಿನ ಹೊಲದಿಂದ ತಂದು ತನ್ನ ಮನೆಯ ಅಟ್ಟದ ಮೇಲೆ ಎಸೆದಿದ್ದ ಆ ಮುರಿದ ಅರ್ಧವನ್ನು ಅವನು ಐದು ವರ್ಷದಲ್ಲಿ ಒಂದು ಸಲವೂ ಕೆಳಗಿಳಿಸಿ ನೋಡಿರಲಿಲ್ಲ. ಮಾರನೆಯ ದಿನ ತುದಿಯ ಒಂದು ಗೇಣು ಕತ್ತರಿಸಿ ಚೀಲದಲ್ಲಿಟ್ಟುಕೊಂಡು ಹೋದ. ಕೋಮಲಾ ಅದನ್ನು ಉದ್ದಕ್ಕೆ ಸೀಳಿ, ಕನ್ನಡಿಯ ಹಾಗೆ ಹೊಳೆಯುವ ತನಕ ಉಜ್ಜಿ, ಮೇಲೆ ಒಂದು ದ್ರಾವಣ ಹಾಕಿ ತೊಳೆದಳು. ಆಮೇಲೆ ಸಣ್ಣ ವಜ್ರದ ಮೊನೆಯನ್ನು ಸಾಲಾಗಿ ಒತ್ತುತ್ತಾ ಗಟ್ಟಿತನ ಅಳೆದಳು. ಬೆಸುಗೆಯಿಂದ ದೂರದಲ್ಲಿ ನೂರಾ ಐದು. ಹತ್ತಿರ ಬರುತ್ತಾ ತೊಂಬತ್ತು, ಎಪ್ಪತ್ತೆಂಟು. ಮುರಿದ ಅಂಚಿನಲ್ಲಿ ಅರವತ್ತೆರಡು.

"ನೋಡಿ ಅಣ್ಣ, ನಿಮ್ಮ ಮನೇಲಿ ತುಪ್ಪ ಕಾಯಿಸ್ತಾರಲ್ಲ? ಹದವಾಗಿ ಕಾಯಿಸಿ ಆರಿಸಿದ್ರೆ ಸಣ್ಣ ಸಣ್ಣ ಹರಳು ಕಟ್ಟುತ್ತೆ. ಅದನ್ನೇ ಮತ್ತೆ ಒಲೆ ಪಕ್ಕ ಇಟ್ರೆ ಏನಾಗುತ್ತೆ?"

"ಹರಳು ಕರಗ್ತದೆ. ಇಲ್ಲಾ ದಪ್ಪ ದಪ್ಪ ಗಂಟಾಗ್ತದೆ."

"ಈ ಪೈಪಿನ ಒಳಗೂ ಅಂಥ ಹರಳಿರುತ್ತೆ, ಕಣ್ಣಿಗೆ ಕಾಣದಷ್ಟು ಸಣ್ಣವು. ಅದರಿಂದಲೇ ಇದಕ್ಕೆ ಗಟ್ಟಿ. ನೀವು ಬೆಸೆಯುವಾಗ ಕರಗಿಸಿದ್ದು ಸೇರಿಸೋ ಜಾಗನ. ಪಕ್ಕದ ಜಾಗ ಕರಗಲಿಲ್ಲ, ಆದ್ರೆ ಬಿಸಿ ತಿಂತು. ಹರಳೆಲ್ಲ ಕೆಟ್ಟೋಯ್ತು. ಮತ್ತೆ ಒಲೆಯಲ್ಲಿಟ್ಟು ಹದ ಮಾಡಿದ್ರೆ ಒಂದಷ್ಟು ವಾಪಸು ಬರೋದು. ಜೊತೆಗೆ ನೀವು ಮೇಲಿನ ಉಬ್ಬನ್ನೂ ಉಜ್ಜಿಬಿಟ್ಟಿದ್ದೀರ. ಆಸರೆಗೆ ಇದ್ದದ್ದೂ ಹೋಯ್ತು. ಯಾಕೆ ಉಜ್ಜಿದ್ರಿ?"

ಕೆಂಪರಾಜು ಕತ್ತು ಬಗ್ಗಿಸಿದ. ಅಕ್ಕನ ಅಂಗೈಗೆ ಚುಚ್ಚಬಾರದೆಂದು ಉಜ್ಜಿದ್ದ ಜಾಗವನ್ನು ಹೆಬ್ಬೆರಳಿನಿಂದ ಸವರಿದ.

ಕೋಮಲಾ ಮತ್ತೆ ಭೂತಗನ್ನಡಿಗೆ ಕಣ್ಣಿಟ್ಟಳು. "ಆದ್ರೆ ಇಷ್ಟಕ್ಕೇ ಮುರೀತಿರಲಿಲ್ಲ ಅನ್ಸುತ್ತೆ. ಇಲ್ಲಿ ಪೈಪು ಅರ್ಧಕ್ಕರ್ಧ ತೆಳ್ಳಗಾಗಿದೆ. ಹುಳ ತಿಂದ ಹಲ್ಲಿನ ಹಾಗೆ ಗುಳಿ ಬಿದ್ದಿದೆ. ಗುಳಿಯೊಳಗೆ ಏನೋ ಬಿಳೀದು. ಏನಣ್ಣ ಇದು?"

ಬಗ್ಗಿ ನೋಡಿದ. ನೋಡಿದ ಕೂಡಲೇ ಗೊತ್ತಾಯಿತು.

ಸುಣ್ಣ.

ಕಣ್ಣಿಟ್ಟಿರು ಎಂದು ತಾನು ಹೇಳಿದ್ದಕ್ಕೇ ಅಕ್ಕ ಆ ಎರಡೂ ಜಾಗಕ್ಕೆ ಸುಣ್ಣದ ಪಟ್ಟೆ ಎಳೆದಿದ್ದಳು. ಮಬ್ಬುಗತ್ತಲಲ್ಲಿ ಹತ್ತುವವರಿಗೆ ಕಾಣಲೆಂದು, ಕೆಟ್ಟ ಕಣ್ಣು ತಾಗದಿರಲೆಂದು. ಅಮಾವಾಸ್ಯೆಗೊಮ್ಮೆ ಹಳೆಯದನ್ನು ತೆಂಗಿನ ನಾರಿಗೆ ಬೂದಿ ಹಚ್ಚಿ ತಿಕ್ಕಿ, ಹೊಸ ಸುಣ್ಣ ಬಳಿಯುವಳು. ಬಾಗಿಲಿಗೆ ಬಳಿದ ಹಾಗೆ, ತುಳಸಿಕಟ್ಟೆಗೆ ಬಳಿದ ಹಾಗೆ. ಅವನೇ ನೋಡಿದ್ದ. ನೋಡಿ, ಅಕ್ಕ ಎಷ್ಟು ಜೋಪಾನ ಮಾಡ್ತಾಳೆ ಎಂದು ಹಿಗ್ಗಿದ್ದ.

ನೆಲ ಒರೆಸುತ್ತಿದ್ದ ಇಂದ್ರಮ್ಮನ ಎಲೆಯಡಿಕೆ ಚೀಲದಿಂದ ಕೋಮಲಾ ಒಂದು ಚಿಟಿಕೆ ಸುಣ್ಣ ಇಸಿದುಕೊಂಡು, ಅಲ್ಯೂಮಿನಿಯಂ ಚೂರಿನ ಮೇಲಿಟ್ಟು ಎರಡು ಹನಿ ನೀರು ಬಿಟ್ಟಳು. ಸ್ವಲ್ಪ ಹೊತ್ತಿಗೆ ಸುಣ್ಣದಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದವು.

"ಗಾಳಿ ತಾಗಿದ ಕೂಡಲೇ ಅಲ್ಯೂಮಿನಿಯಂ ತನಗೆ ತಾನೇ ಒಂದು ತೆಳು ಪದರ ಹೊದ್ದುಕೊಳ್ಳುತ್ತೆ. ಅದೇ ಅದಕ್ಕೆ ಕಾವಲು. ಸುಣ್ಣ, ಬೂದಿ ಆ ಹೊದಿಕೇನೇ ತಿಂದುಹಾಕ್ತವೆ. ಇಬ್ಬನಿ ಬಿದ್ದಷ್ಟೂ ತಿನ್ನುತ್ತೆ. ಮೊದಲೇ ಬಿಸಿ ತಿಂದು ಸೋತಿರೋ ಜಾಗ ನೋಡಿ."

ಇಂದ್ರಮ್ಮ ಗಾಬರಿಯಾಗಿ, "ಅಯ್ಯೋ, ನಾನು ಮೂವತ್ತು ವರ್ಷದಿಂದ ತಿನ್ತಾ ಇದ್ದೀನಲ್ಲಮ್ಮ" ಎಂದಳು.

"ನೀವು ಅಲ್ಯೂಮಿನಿಯಂ ಅಲ್ವಲ್ಲ ಇಂದ್ರಮ್ಮ."

"ಮೇಡಂ, ಬಿಸಿಯಿಂದ ಎಷ್ಟು, ಸುಣ್ಣದಿಂದ ಎಷ್ಟು?" ಎಂದು ಕೆಂಪರಾಜು ಕೇಳಿದ.

"ಗೆರೆ ಎಳೆದು ಹೇಳಕ್ಕಾಗಲ್ಲ ಅಣ್ಣ. ಎರಡೂ ಸೇರಿ ಆಗಿರೋದು."

ಐದು ವರ್ಷ ಅವನು ಒಳಗೊಳಗೇ ಬೇಡಿಕೊಂಡಿದ್ದದ್ದು ಇದೇ ಅಲ್ಲವೇ? ತಪ್ಪು ಪೂರ್ತಿ ನಿನ್ನದಲ್ಲ ಎಂದು ಯಾರಾದರೂ ಹೇಳಲಿ ಎಂದು. ಹೇಳಿದರು. ಆದರೆ ಉಳಿದದ್ದು ಅಕ್ಕನ ಪಾಲಿಗೆ ಹೋಯಿತು. ಆ ರಾತ್ರಿ ಊಟಕ್ಕೆ ಕೂತಾಗ ಸುಗುಣಾಳಿಗೆ ಎಲ್ಲ ಹೇಳಿದ. ಕೊನೆಗೆ, "ಹೋಗ್ತೀನಿ. ಬಿಸಿಯ ಕಥೆ ಮಾತ್ರ ಹೇಳ್ತೀನಿ. ಸುಣ್ಣದ ಮಾತು ಎತ್ತಲ್ಲ. ಗಂಡನ ಕಾಲು ಮುರಿದಿದ್ದು ತನ್ನ ಕೈಯಿಂದ ಅಂತ ಅವಳು ಯಾಕೆ ತಿಳ್ಕೊಬೇಕು" ಎಂದ.

ಸುಗುಣಾ ಸಾರು ಬಡಿಸುತ್ತಾ, "ಮೊದ್ಲು ಹೋಗಿ. ಟೀ ಅಂಗಡಿ ದಾಟಿದ ಮೇಲೆ ಮಿಕ್ಕಿದ್ದು" ಎಂದಳು.

ಮುಂದಿನ ಭಾನುವಾರ ಕೆಂಪರಾಜು ಟೀ ಅಂಗಡಿ ದಾಟಿದ.

ಅಕ್ಕನ ಅಂಗಳಕ್ಕೆ ಬೈಕ್ ತಿರುಗಿಸಿದಾಗ ಸಂಜೆ ನಾಲ್ಕು ದಾಟಿತ್ತು. ರಾಮಕ್ಕ ಹುರುಳಿ ಕೇರುತ್ತಿದ್ದಳು. ಕೂದಲು ಅರ್ಧ ಬೆಳ್ಳಗಾಗಿದೆ. ತಲೆಯೆತ್ತಿ ನೋಡಿದಳು. ಮೊರ ನಿಲ್ಲಲಿಲ್ಲ.

"ಬಂದ್ಯಾ" ಎಂದಳು. ಕೇಳಿದಳೋ ಹೇಳಿದಳೋ ತಿಳಿಯಲಿಲ್ಲ.

ಜಗಲಿಯ ಮೇಲೆ ಕೋಲು ಪಕ್ಕಕ್ಕಿಟ್ಟು ಕೂತಿದ್ದ ನಾರಾಯಣಪ್ಪ ಕಣ್ಣು ಕಿರಿದು ಮಾಡಿ, "ಯಾರೋ ಕಂಪನಿಯೋರು ಬಂದಂಗೈತೆ. ದಾರಿ ತಪ್ಪಿದ್ರೇನೋ ಕೇಳೇ" ಎಂದ.

"ದಾರಿ ತಪ್ಪಿ ಐದು ವರ್ಷ ಆಯ್ತು ಬಾವ" ಎಂದು ಕೆಂಪರಾಜು ಜಗಲಿಯ ಕೆಳಗೆ ನಿಂತ. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತನ್ನು ಒಂದೇ ಉಸಿರಿಗೆ ಒಪ್ಪಿಸಿದ. ಮುರಿದ ತುಂಡನ್ನು ಕತ್ತರಿಸಿ, ಉಜ್ಜಿ, ಲ್ಯಾಬಿನಲ್ಲಿ ಕನ್ನಡಿಯಿಟ್ಟು ನೋಡಿಸಿದೆ, ಏಣಿ ಮುರಿದದ್ದು ನನ್ನಿಂದ, ಬೆಸೆಯುವ ಬಿಸಿಗೆ ಪಕ್ಕದ ಜಾಗ ಮೆತ್ತಗಾಗುತ್ತದೆ, ಮೇಲಿನ ಉಬ್ಬು ಉಜ್ಜಬಾರದಿತ್ತು, ನನಗೆ ತಿಳಿಯಲಿಲ್ಲ ಎಂದ. ನಾರಾಯಣಪ್ಪ ಕೋಲಿನಿಂದ ನೆಲಕ್ಕೆ ಎರಡು ಸಲ ಕುಟ್ಟಿ, "ಆಯ್ತು ಕಣಯ್ಯ, ಈಗೇನು, ನನ್ನ ಕಾಲು ಬಿಚ್ಚಿ ಮತ್ತೆ ಬೆಸೀತೀಯಾ? ಕೂತ್ಕೋ" ಎಂದ. ಇಷ್ಟೇ. ಐದು ವರ್ಷದ ಭಾರಕ್ಕೆ ಬಾವ ಕೊಟ್ಟ ತೂಕ ಇಷ್ಟೇ.

ರಾಮಕ್ಕ ಮೊರ ಕೆಳಗಿಟ್ಟು, "ಹೊತ್ತಾಯ್ತು, ಮರದ ತಾವ ಹೋಗ್ಬೇಕು. ಈಗ ಕಾಯೋಳು ನಾನೇ" ಎಂದು ಕಂಬಳಿ ಹೆಗಲಿಗೆ ಹಾಕಿಕೊಂಡು ನಡೆದಳು. ಕೆಂಪರಾಜು ಹಿಂದೆ ಹಿಂದೆ ಹೋದ.

ಹುಣಸೆಮರಕ್ಕೆ ಒಂದು ಹೊಸ ಏಣಿ ಒರಗಿತ್ತು. ಅಂಗಡಿಯಿಂದ ತಂದ ಅಲ್ಯೂಮಿನಿಯಂ ಏಣಿ. ಅದರ ಪ್ರತಿ ಮೆಟ್ಟಿಲು ಸೇರುವ ಜಾಗಕ್ಕೂ, ಎರಡೂ ಕಡೆ, ಮೇಲಿನಿಂದ ಕೆಳಗಿನವರೆಗೂ ಬೆಳ್ಳಗೆ ಸುಣ್ಣದ ಪಟ್ಟೆ. ಮೊದಲಿನ ಏಣಿಗೆ ಎರಡೇ ಜಾಗ ಇತ್ತು. ಒಂದು ಸಲ ಮುರಿದ ಮೇಲೆ ಅಕ್ಕ ಯಾವ ಜಾಗವನ್ನೂ ನಂಬದೆ ಎಲ್ಲಕ್ಕೂ ಕಣ್ಣಿಟ್ಟಿದ್ದಳು.

ರಾಮಕ್ಕ ಸೀರೆ ಎತ್ತಿ ಕಟ್ಟಿ ಮೊದಲ ಮೆಟ್ಟಿಲಿಗೆ ಕಾಲಿಡಲು ಹೋದಳು.

"ಅಕ್ಕ, ಹತ್ತಬ್ಯಾಡ."

"ಯಾಕ್ಲಾ?"

ಅವನು ಬದುವಿನಲ್ಲಿದ್ದ ಕೊಡದ ನೀರು ಹಾಕಿ, ಗೋಣಿಚೀಲದಿಂದ ಒಂದು ಪಟ್ಟೆಯನ್ನು ಒರೆಸಿದ. ಸುಣ್ಣ ಹೋದ ಕಡೆ ಲೋಹ ಮಂಕಾಗಿ ಒರಟಾಗಿತ್ತು. ರಿವೆಟ್ಟು ಬಡಿದು ಕೂರಿಸಿದ ಜಾಗದ ಸುತ್ತ ಗುಳಿ ಬಿದ್ದು ಬಿಳಿ ಪುಡಿ ಕೂತಿತ್ತು. ಮೆಟ್ಟಿಲು ಹಿಡಿದು ಅಲ್ಲಾಡಿಸಿದ. ಕಿರ್ ಎಂದು ಸಡಿಲ ಸದ್ದಾಯಿತು. ಇನ್ನು ಮುಚ್ಚಿಡುವ ಹಾಗಿರಲಿಲ್ಲ.

"ಸುಣ್ಣ ಇದನ್ನ ತಿನ್ತದೆ ಅಕ್ಕ. ಬೂದೀನೂ ತಿನ್ತದೆ. ಕಬ್ಬಿಣದ ಹಂಗಲ್ಲ ಇದು, ಮರದ ಹಂಗೂ ಅಲ್ಲ."

ಅವಳು ಏಣಿಯನ್ನು ನೋಡಿದಳು. ಅವನನ್ನು ನೋಡಿದಳು. ರಾಮಕ್ಕ ಓದಿದವಳಲ್ಲ, ಆದರೆ ಲೆಕ್ಕ ತಪ್ಪುವವಳೂ ಅಲ್ಲ.

"ಹಂಗಾರೆ ಆ ಏಣೀನೂ?"

ಅವನು ಗೋಣಿಚೀಲದ ನೀರು ಹಿಂಡಿದ.

"ಕೇಳ್ತಾ ಇರೋದು ನಿನ್ನೇ. ಆ ಏಣೀನೂ ಸುಣ್ಣ ತಿಂತಾ?"

"ನನ್ನ ಬಿಸಿ ಅರ್ಧ, ಅದು ಅರ್ಧ. ಯಾವುದು ಎಷ್ಟು ಅಂತ ಲ್ಯಾಬಿನೋರಿಗೂ ಹೇಳಾಕಾಗಲ್ವಂತೆ."

"ಮನೇಲಿ ಇದನ್ನ ಯಾಕೆ ಹೇಳ್ಲಿಲ್ಲ?"

"ಹೇಳ್ಬಾರ್ದು ಅಂತಿದ್ದೆ."

ರಾಮಕ್ಕ ಬದುವಿನ ಮೇಲೆ ಕೂತಳು. ತನ್ನ ಅಂಗೈಯನ್ನೇ ನೋಡಿಕೊಂಡಳು. ಅತ್ತುಬಿಡುತ್ತಾಳೇನೋ ಎಂದು ಕೆಂಪರಾಜು ಹೆದರಿದ. ಅವಳು ಅಳಲಿಲ್ಲ. ತಲೆಯೆತ್ತಿದಾಗ ಅವಳ ಕಣ್ಣಲ್ಲಿದ್ದದ್ದು ಸಿಟ್ಟು.

"ಬಿದ್ದೋರು ಅವ್ರು. ಮೂರು ತಿಂಗ್ಳಿಗೆ ಎದ್ದು, ಕೋಲು ಹಿಡ್ಕೊಂಡು, ಊರೆಲ್ಲ ಸುತ್ತಿ ನಗುಸ್ಕೊಂಡು ಬಂದ್ರು. ನಾನು ಸುಣ್ಣ ಬಳಿದೆ, ನೀನು ಬಿಸಿ ಮಾಡ್ದೆ. ಇರ್ಲಿ. ಅದನ್ನ ಕತ್ತರಿಸಿ, ಉಜ್ಜಿ, ಕನ್ನಡಿ ಇಟ್ಟು ನೋಡುಸ್ಕೊಂಡು ಬಂದಿದ್ದೀಯ. ನನ್ನ ಮಗಳು ಕೈ ಹಿಡಿಯೋರಿಲ್ದೆ ಬಾಗ್ಲಾಗೆ ನಿಂತ್ಲಲ್ಲ, ಅದನ್ನ ಯಾವ ಲ್ಯಾಬಿನಾಗೆ ನೋಡುಸ್ದೆ?"

ರಾಗಿ ತೆನೆಯ ಮೇಲೆ ಬಿಸಿಲು ಇಳಿಯುತ್ತಿತ್ತು. ಕಾಡಿನ ಕಡೆಯಿಂದ ಪಟಾಕಿಯೊಂದು ಸಿಡಿದ ಸದ್ದು ಬಂತು. ಆಚೆ ಹೊಲದವರು ಆಗಲೇ ಕಾವಲಿಗೆ ಕೂತಿದ್ದರು.

"ಕೂತ್ರೆ ಆಗಲ್ಲ. ಪಕ್ಕದ ಹೊಲದೋರ ತಾವ ಇನ್ನೊಂದು ಬಿದಿರೇಣಿ ಐತೆ, ಈಸ್ಕೊಂಡು ಬಾ, ಹೋಗು" ಎಂದಳು.

ಹೆಗಲ ಮೇಲೆ ಹೊತ್ತು ತಂದ. ಅಕ್ಕ ಮೊದಲು ಹತ್ತಿದಳು, ಅವನು ಬುಡ ಹಿಡಿದು ನಿಂತ. ಆಮೇಲೆ ಅವನು ಹತ್ತಿದ. ಏಣಿಯನ್ನು ಮೇಲಕ್ಕೆಳೆಯಬೇಕು, ಒಬ್ಬರ ಕೈಲಾಗುವ ಭಾರವಲ್ಲ. ಇಬ್ಬರೂ ಎರಡು ಕಡೆ ಹಿಡಿದು, ಐಸ ಎನ್ನದೆಯೇ ಐಸ ಎನ್ನುವ ಹಾಗೆ ಒಂದೇ ಸಲಕ್ಕೆ ಎಳೆದು, ಅಟ್ಟಣೆಯ ಮೇಲೆ ಅಡ್ಡ ಹಾಕಿದರು. ಏದುಸಿರು ಬಿಡುತ್ತಾ ಅದರ ಎರಡು ತುದಿಗೆ ಇಬ್ಬರೂ ಕೂತರು. ನಡುವೆ ಕಂಬಳಿ.

ಹತ್ತಿರ ಬಂದು ಕೂತರೆ ಆಸೆ ತೀರುತ್ತದೆ ಎಂದುಕೊಂಡಿದ್ದ ಕೆಂಪರಾಜು. ತೀರಲಿಲ್ಲ. ಎದುರಿಗಿದ್ದ ಅಕ್ಕನನ್ನು ನೋಡುತ್ತಾ ಐದು ವರ್ಷದ ಹಿಂದಿನ ಅಕ್ಕನಿಗಾಗಿ, ಕಪ್ಪು ಕೂದಲಿನ, ಕಂಡೊಡನೆ ಬೈದು ತಟ್ಟೆ ಹಾಕುತ್ತಿದ್ದ ಆ ಅಕ್ಕನಿಗಾಗಿ ಹಂಬಲಿಸಿದ. ಆ ವರ್ಷಗಳು ಎಲ್ಲೋ ಈ ರಾಗಿ ಹೊಲದ ಆಚೆ, ಕಾಡಿನೊಳಗೆ ನಡೆದುಹೋದ ಹಾಗಿತ್ತು.

"ಅವತ್ತು ಬೆಳಿಗ್ಗೆ ಮಂಜು ಬಿದ್ದಿತ್ತು" ಎಂದಳು ರಾಮಕ್ಕ.

"ಯಾವತ್ತು?"

"ಮದುವೆ ದಿನ. ಹೇಳ್ತೀನಿ, ಹೂಂಗುಟ್ಟು. ಹೂಂ ಅನ್ನದಿದ್ರೆ ನಿಲ್ಲುಸ್ಬಿಡ್ತೀನಿ."

"ಹೂಂ."

"ಚಪ್ಪರದ ಮ್ಯಾಲೆಲ್ಲ ಹನಿ. ಅಡಿಗೆ ಭಟ್ಟ ಒಲೆ ಹತ್ತಲ್ಲ ಅಂತ ಬೈಕೊಂಡು ಓಡಾಡ್ತಿದ್ದ."

"ಹೂಂ."

"ವನಿತಂಗೆ ಮಾವಿನಕಾಯಿ ಬಣ್ಣದ ಸೀರೆ. ನೀನು ಕಳಿಸಿದ್ಯಲ್ಲ, ಅದೇ. ಬ್ಯಾರೇದು ಉಡೇ ಅಂದ್ರೆ ಒಲ್ಲೆ ಅಂದ್ಲು."

"ಹೂಂ."

ಅವಳು ಹೇಳುತ್ತಾ ಹೋದಳು. ಯಾರು ಬಂದರು, ಯಾರು ಮುನಿಸಿಕೊಂಡರು, ಗಂಡಿನ ಕಡೆಯ ಮುದುಕಿಯೊಬ್ಬಳು ಪಾಯಸಕ್ಕೆ ಸಕ್ಕರೆ ಸಾಲದೆಂದು ಹೇಗೆ ತಮಿಳಿನಲ್ಲಿ ಶುರು ಮಾಡಿ ತೆಲುಗಿನಲ್ಲಿ ಮುಗಿಸಿದಳು, ಎಲ್ಲ. ಕೆಂಪರಾಜು ಒಂದು ಸಲ ನಕ್ಕ ಕೂಡ. ತಾನು ಇಲ್ಲದ ಆ ದಿನದೊಳಗೆ ಅಕ್ಕ ಅವನನ್ನು ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದಳು, ಮೂಲೆ ಮೂಲೆ ತೋರಿಸುತ್ತಾ.

"ಪುರೋಹಿತರು ಹೆಣ್ಣನ್ನ ಕರ್ಕೊಂಬನ್ನಿ ಅಂದ್ರು. ಸೋದರಮಾವ ಎಲ್ಲಿ ಅಂದ್ರು. ವನಿತಾ ಬಾಗ್ಲಾಗೆ ನಿಂತವ್ಳೆ. ರೋಡಿನ ಕಡೆ ನೋಡಿದ್ಲು. ಬೈಕ್ ಸದ್ದಾಯ್ತು, ಮತ್ತೆ ನೋಡಿದ್ಲು. ಅದು ಹೂವಿನೋನು. ಆಮೇಲೂ ನೋಡಿದ್ಲು ಕಣ್ಲಾ, ಯಾರೂ ಬರ್ದಿದ್ರೂವೆ."

ಹೂಂ ಬರಲಿಲ್ಲ.

ರಾಮಕ್ಕ ಕಾದಳು. ಕತ್ತಲು ಮೆಲ್ಲಗೆ ಹೊಲಕ್ಕಿಳಿಯಿತು. ಕಾಡಿನ ಅಂಚು ಮಸುಕಾಯಿತು. ಅವಳು ನಡುವಿದ್ದ ಕಂಬಳಿಯನ್ನು ಬಿಚ್ಚಿ, ಒಂದು ತುದಿಯನ್ನು ಅವನ ಮೊಣಕಾಲಿನ ಮೇಲೆ ಹಾಕಿ, ಮತ್ತೆ ಕಾದಳು.

"ಹೂಂ" ಎಂದ ಕೆಂಪರಾಜು, ಬಹಳ ಹೊತ್ತಿನ ಮೇಲೆ.

ಅವಳು ಮುಂದಕ್ಕೆ ಹೇಳಿದಳು.